ಆಯಿಯ ಮೊಣಕಾಲು ಮತ್ತು ಕ್ರಿಸ್‌ಮಸ್ ಸಿನಿಮಾಗಳು

ಆಯಿಯ ಬಲಗಾಲಿನ ಮೊಣಕಾಲು ಬದಲಿಸುವ ಆಪರೇಷನ್ ಹುಬ್ಬಳ್ಳಿಯಲ್ಲಿ ಆಯಿತು. ದೀಪಾವಳಿ ಕಳೆದ ಮೇಲೆ ಅವಳನ್ನು ಕರೆದುಕೊಂಡು ಶಿರಸಿಗೆ ಮರಳಿದೆ. ಒಂದು ಕಡೆ ಸುಮ್ಮನೆ ಕೂತು ಗೊತ್ತೇ ಇಲ್ಲದ ಹೆಂಗಸು ನನ್ನ ತಾಯಿ. ಕಾಲು ಚಾಚಿಕೊಂಡು ಕೂತಿರಿ ಎಂದು ಡಾಕ್ಟರು ಹೇಳಿದ್ದನ್ನು ಶಿಕ್ಷೆ ಎಂದೇ ತಿಳಿದಳು. ಮೊದಲ ವಾರ ಮಂಚದ ಮೇಲಿಂದಲೇ ಅಡುಗೆಮನೆ ನಡೆಸಿದಳು. ನಾನು ಒಲೆಯ ಮುಂದೆ ನಿಂತಿದ್ದರೂ ಒಗ್ಗರಣೆ ಸೀದದ್ದು ನನಗಿಂತ ಮೊದಲು ಅವಳಿಗೇ ಗೊತ್ತಾಗುತ್ತಿತ್ತು.

ಅಪ್ಪ ಹೋಗಿ ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ನಾವಿಬ್ಬರೇ. ಮನೆಯ ಮುಂದೆ, ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಗೆ ತಾಗಿ ನನ್ನ ನರ್ಸರಿ. ಗುಲಾಬಿ, ದಾಸವಾಳ, ಕಸಿ ಮಾವು, ಕುಂಡದಲ್ಲಿ ಬೆಳೆಯುವ ಪೊದೆ ಕಾಳುಮೆಣಸು, ಹೀಗೆ ಸಿಕ್ಕಿದ್ದೆಲ್ಲ ಬೆಳೆಸಿ ಮಾರುತ್ತೇನೆ. ಮೈಸೂರಿನಲ್ಲಿರುವ ಅಕ್ಕ ಬಂದು ಕೆಲವು ದಿನ ಇದ್ದು, ಹೋಗುವಾಗ ನಮ್ಮ ಟೀವಿಗೆ ತನ್ನ ಯಾವುದೋ ಸಿನಿಮಾ ಖಾತೆ ಜೋಡಿಸಿ ಹೋದಳು. "ಇನ್ನು ಆಯಿ ನಿನ್ನ ತಲೆ ತಿಂಬುದು ಕಡಿಮೆ ಆಗ್ತು ನೋಡು" ಅಂದಳು. ಅವಳ ಲೆಕ್ಕಾಚಾರ ಪೂರ್ತಿ ತಪ್ಪಿತ್ತು.

ಆಯಿ ರಿಮೋಟಿನ ಗುಂಡಿ ಒತ್ತುತ್ತ ಒತ್ತುತ್ತ ಎಲ್ಲಿಗೋ ಹೋಗಿ ಬಿದ್ದದ್ದು ವಿದೇಶದ ಕ್ರಿಸ್‌ಮಸ್ ಪ್ರೇಮದ ಸಿನಿಮಾಗಳ ಸಾಲಿಗೆ. ಎಲ್ಲಕ್ಕೂ ಕನ್ನಡದ ಮಾತು ಜೋಡಿಸಿದ್ದರು. ಮಧ್ಯಾಹ್ನ ಊಟಕ್ಕೆ ಒಳಗೆ ಬಂದರೆ ಪರದೆಯ ಮೇಲೆ ಒಬ್ಬ ಬಿಳಿಯ ಹುಡುಗಿ ಉಣ್ಣೆಯ ಟೊಪ್ಪಿ ಹಾಕಿಕೊಂಡು ಅಚ್ಚ ಬೆಂಗಳೂರು ಕನ್ನಡದಲ್ಲಿ "ಈ ಊರಿಗೆ ನಾನ್ಯಾಕಾದ್ರೂ ಬಂದ್ನೋ" ಅನ್ನುತ್ತಿದ್ದಳು. ಆಯಿ ಕಾಲ ಕೆಳಗೆ ಎರಡು ದಿಂಬು ಇಟ್ಟುಕೊಂಡು, ಕೈಯಲ್ಲಿ ತಣ್ಣಗಾದ ಕಷಾಯದ ಲೋಟ ಹಿಡಿದು, ಬಾಯಿ ಸ್ವಲ್ಪ ತೆರೆದು ನೋಡುತ್ತಿದ್ದಳು.

ಆ ಸಿನಿಮಾಗಳ ಕಥೆ ಹೇಳುವುದು ಸುಲಭ, ಒಂದು ಹೇಳಿದರೆ ಎಲ್ಲ ಹೇಳಿದ ಹಾಗೆ. ದೊಡ್ಡ ಊರಿನ ದೊಡ್ಡ ಕಂಪನಿಯಲ್ಲಿ ಇರುವ ಹುಡುಗಿ ರಜೆಗೆ ಸಣ್ಣ ಊರಿಗೆ ಬರುತ್ತಾಳೆ. ಅಲ್ಲೊಬ್ಬ ಚೌಕಳಿ ಅಂಗಿಯ ಗಂಡಸು ಬೇಕರಿಯನ್ನೋ ಮರದ ತೋಟವನ್ನೋ ನಡೆಸುತ್ತಿರುತ್ತಾನೆ. ಮೊದಲು ಇಬ್ಬರಿಗೂ ಆಗುವುದಿಲ್ಲ. ಆಮೇಲೆ ಒಟ್ಟಿಗೆ ಬಿಸ್ಕೆಟ್ ಮಾಡುತ್ತಾರೆ, ಮೂಗಿಗೆ ಹಿಟ್ಟು ಹತ್ತುತ್ತದೆ. ಮುಗಿಯುವ ಹೊತ್ತಿಗೆ ಏನೋ ತಪ್ಪು ತಿಳಿವಳಿಕೆ, ಹುಡುಗಿ ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಾಳೆ, ಇವನು ಓಡುತ್ತಾನೆ, ಮೇಲಿಂದ ಹಿಮ ಬೀಳುತ್ತದೆ.

"ಟೀವಿಯ ಧಾರಾವಾಹಿಗಿಂತ ಸಾವಿರ ಪಾಲು ಚಲೋ ಇದ್ದು" ಎನ್ನುವುದು ಆಯಿಯ ತೀರ್ಪು. "ಇದ್ರಲ್ಲಿ ಯಾರೂ ಯಾರಿಗೂ ವಿಷ ಹಾಕ್ತ್ವಿಲ್ಲೆ. ಸೊಸೆಗೆ ಯಾರೂ ಕಾಟ ಕೊಡ್ತ್ವಿಲ್ಲೆ. ನಡುವೆ ಯಂಗೆ ಕಣ್ಣು ಹತ್ತಿದ್ರೂ ಎದ್ದು ನೋಡಿದ್ರೆ ಕಥೆ ಅಲ್ಲೇ ಇರ್ತು."

ಅವಳು ಹೇಳಿದ್ದರಲ್ಲಿ ಸತ್ಯವಿತ್ತು. ಆಪರೇಷನ್ ಆದ ಕಾಲು ರಾತ್ರಿ ಹಗಲು ನೋಯುತ್ತಿರುವಾಗ ಕೊನೆಗೆ ಎಲ್ಲ ಸರಿಯಾಗುತ್ತದೆ ಎಂದು ಮೊದಲೇ ಗೊತ್ತಿರುವ ಕಥೆ ಬೇಕಾಗುತ್ತದೆ. ನಾನು ಮಾತ್ರ ತಟ್ಟೆ ಹಿಡಿದು ಪಕ್ಕದಲ್ಲಿ ಕೂತು ತಕರಾರು ತೆಗೆಯುತ್ತಿದ್ದೆ. ಗಿಡದ ವ್ಯಾಪಾರದವನ ಕಣ್ಣು ಗಿಡದ ಮೇಲೆಯೇ ಹೋಗುತ್ತದೆ.

"ಆಯಿ, ಹಿಂದಿನ ಮರ ನೋಡು. ಇಷ್ಟು ಹಿಮ ಬಿದ್ದಿದ್ದು ಹೇಳ್ತ, ಮರದ ತುಂಬ ಹಸಿರೆಲೆ ಇದ್ದು. ಇದು ಬೇಸಿಗೇಲಿ ತೆಗೆದ ಸಿನಿಮಾ. ಹಿಮ ಅಲ್ಲ, ಸೋಪಿನ ನೊರೆ."

"ಇರ್ಲಿ. ನೀನು ಮರ ನೋಡು, ಆನು ಆ ಟೊಪ್ಪಿ ಕೂಸಿನ್ನ ನೋಡ್ತೆ."

"ಅವಂದು ಮರದ ತೋಟ ಹೇಳ್ತ. ಕೈ ನೋಡು, ಉಗುರಲ್ಲಿ ಒಂದು ಚೂರು ಮಣ್ಣಿಲ್ಲೆ."

ಆಯಿಗೂ ತಕರಾರುಗಳಿದ್ದವು. ಅವು ಬೇರೆ ಜಾತಿಯವು. ಅಷ್ಟು ಜನ ಬಂದು ಉಂಡು ಹೋದರೂ ಯಾರೂ ಪಾತ್ರೆ ತೊಳೆಯುವುದನ್ನು ತೋರಿಸುವುದಿಲ್ಲ. ಆ ಚಳಿಯಲ್ಲಿ ಕಿವಿಗೆ ಒಂದು ಬಟ್ಟೆ ಕಟ್ಟುವುದಿಲ್ಲ. ಮತ್ತೆ ಯಾವ ಸಿನಿಮಾ ನೋಡಿದರೂ ಹುಡುಗಿಗೋ ಹುಡುಗನಿಗೋ ತಾಯಿ ತೀರಿಕೊಂಡಿರುತ್ತಾಳೆ. "ತಾಯಿ ಇದ್ದಿದ್ರೆ ಈ ಎಡವಟ್ಟು ಆಗ್ತಿತ್ತಿಲ್ಲೆ" ಎಂದು ಅವಳು ಪ್ರತಿ ಸಲವೂ ಹೇಳುತ್ತಿದ್ದಳು. ತಪ್ಪು ತಿಳಿವಳಿಕೆಯ ದೃಶ್ಯ ಬಂದಾಗ ಪರದೆಯ ಹುಡುಗನಿಗೆ ನೇರವಾಗಿ ಬಯ್ಯುತ್ತಿದ್ದಳು: "ಒಂದು ಫೋನ್ ಮಾಡಿ ಕೇಳಿದ್ರೆ ಮುಗೀತಿತ್ತಲಾ ಮಾರಾಯ!"

ಇದೆಲ್ಲ ನಗುವ ವಿಷಯವೇ. ಆದರೆ ಮರದ ತೋಟದವನ ಸಿನಿಮಾ ನೋಡಿದ ದಿನದಿಂದ ಆಯಿಯ ತಲೆಯಲ್ಲಿ ಒಂದು ಹೊಸ ಹುಳ ಹೊಕ್ಕಿತು. ನಮ್ಮ ಕಡೆ ಊರಿನಲ್ಲೇ ಉಳಿದ ಗಂಡಸರಿಗೆ ಹೆಣ್ಣು ಸಿಗುವುದಿಲ್ಲ ಎನ್ನುವುದು ಹೊಸ ಸುದ್ದಿಯಲ್ಲ. ನನ್ನ ಓರಗೆಯವರಲ್ಲಿ ಅರ್ಧ ಜನ ಹಾಗೆಯೇ ಇದ್ದಾರೆ. ನಾನೂ ಸಾಕಷ್ಟು ಮನೆಗಳಲ್ಲಿ ಅವಲಕ್ಕಿ, ಕೇಸರಿಬಾತು ತಿಂದು ಬಂದಿದ್ದೆ. ಹೆಗಡೆಕಟ್ಟಾದಲ್ಲಿ ಒಬ್ಬ ಹುಡುಗಿ ಬಹಳ ಉತ್ಸಾಹದಿಂದ ಮಾತಾಡಿದಳು. ಸ್ವಲ್ಪ ಹೊತ್ತಾದ ಮೇಲೆ "ನಿಮ್ಮ ನರ್ಸರಿಯಲ್ಲಿ ಎಷ್ಟು ಮಕ್ಕಳಿದ್ದಾರೆ?" ಎಂದು ಕೇಳಿದಳು. ಗಿಡದ ನರ್ಸರಿ ಎಂದು ತಿಳಿಸಿದೆ. ಪಾಪ, ಅವಳು ಮುಖದ ನಗು ಹಾಗೇ ಹಿಡಿದಿಟ್ಟುಕೊಳ್ಳಲು ಬಹಳ ಕಷ್ಟಪಟ್ಟಳು. ಆಮೇಲೆ ನಾನು ಹೆಣ್ಣು ನೋಡಲು ಹೋಗುವುದನ್ನೇ ನಿಲ್ಲಿಸಿದೆ. ಆಯಿಯೂ ಜಾತಕವನ್ನು ಕಪಾಟಿನಲ್ಲಿಟ್ಟು ಸುಮ್ಮನಾಗಿದ್ದಳು.

ಈಗ ನೋಡಿದರೆ, ಪರದೆಯ ಮೇಲೆ ಕಂಪನಿ ಕೆಲಸದ ಹುಡುಗಿ ತಾನಾಗಿ ಸಣ್ಣ ಊರಿಗೆ ಬಂದು, ಗಿಡ ಮಾರುವವನ ಹತ್ತಿರ ತಾನೇ ಉಳಿಯುತ್ತೇನೆ ಅನ್ನುತ್ತಿದ್ದಾಳೆ.

"ತಮಾ, ಅಂವನೂ ನಿನ್ನ ಹಂಗೇ ಗಿಡದ ವ್ಯಾಪಾರದವ. ಅವಂಗೆ ಸಿಕ್ತು ನೋಡು!"

"ಅದು ಸಿನಿಮಾ ಆಯಿ."

"ಸಿನಿಮಾ ಆದ್ರೆಂತಾತು? ಹುಟ್ಟಿಸಿ ಹೇಳುಲೂ ಎಲ್ಲೋ ಒಂದು ಆಗಿರಕ್ಕಲಾ? ನೀನು ಒಂದು ಚೌಕಳಿ ಅಂಗಿ ತಗ."

ನಾನು ಅಂಗಿ ತೆಗೆದುಕೊಳ್ಳಲಿಲ್ಲ. ಅಕ್ಕ ಮೈಸೂರಿನಿಂದ ಎರಡು ಕಳಿಸಿದಳು. ತಾಯಿ ಮಗಳು ಫೋನಿನಲ್ಲಿ ಮಾತಾಡಿಕೊಂಡಿದ್ದರು.

ಆ ದಿನಗಳಲ್ಲಿ ವಾರಕ್ಕೆ ಮೂರು ಬೆಳಿಗ್ಗೆ ನಮ್ಮ ಮನೆಗೆ ಫಿಜಿಯೋಥೆರಪಿಯ ಮೇಡಂ ಒಬ್ಬರು ಬರುತ್ತಿದ್ದರು. ಶಿರಸಿಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ಊರು ಸಿದ್ದಾಪುರದ ಹತ್ತಿರ, ಗದ್ದೆ ಮಾಡುವ ರೈತರ ಮನೆ. ಶಿರಸಿಯಲ್ಲಿ ರೂಮು ಮಾಡಿಕೊಂಡಿದ್ದರು. ನನಗಿಂತ ಒಂದೆರಡು ವರ್ಷ ಚಿಕ್ಕವರಿರಬಹುದು. ಸ್ಕೂಟರನ್ನು ಗುಲಾಬಿ ಕುಂಡಗಳ ಪಕ್ಕ ನಿಲ್ಲಿಸಿ, ಹೆಲ್ಮೆಟ್ ಕೈಯಲ್ಲೇ ಹಿಡಿದು ಸೀದಾ ಒಳಗೆ ಹೋಗುವವರು. ಆಗ ಅವರನ್ನು ನಾನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ನೆನಪು ಬರೆಯುವಾಗಲೂ ಸ್ವಲ್ಪ ದೂರದವರೆಗೆ ಹಾಗೇ ಇರಲಿ.

ಆಯಿಗೆ ಕಾಲು ಮಡಚುವುದೆಂದರೆ ಭಯ. ಮೊದಲ ದಿನಗಳಲ್ಲಿ ಕೂಗಿ ಕೂಗಿ ರಸ್ತೆಯ ಗಿರಾಕಿಗಳು ಒಳಗೆ ಇಣುಕುವ ಹಾಗೆ ಮಾಡಿದ್ದಳು. ಮೇಡಂ ಒಂದು ಉಪಾಯ ಕಂಡುಹಿಡಿದರು. ವ್ಯಾಯಾಮದ ಹೊತ್ತಿಗೇ ಸಿನಿಮಾ ಹಚ್ಚಿಸಿದರು.

"ಅಮ್ಮ, ಇವರಿಬ್ಬರೂ ಜಗಳ ಆಡಿ ಮುಗಿಸೋ ತನಕ ಕಾಲು ಮಡಚೋದು, ಬಿಡೋದು. ಆಮೇಲೆ ರೆಸ್ಟು."

"ಇವರ ಜಗಳ ಮುಗಿಯದೇ ಇಲ್ಲೆಲೆ."

"ಅದಕ್ಕೇ ಈ ಸಿನಿಮಾ ಹಾಕಿದ್ದು."

ಅವರಿಗೆ ಆ ಸಿನಿಮಾಗಳು ಇಷ್ಟವೇ ಇರಲಿಲ್ಲ. ಆದರೆ ಎಲ್ಲವನ್ನೂ ನೋಡಿದ್ದರು. ಪೇಷೆಂಟುಗಳ ಮನೆಯಲ್ಲಿ ಏನು ಓಡುತ್ತಿದ್ದರೂ ಅದನ್ನೇ ನೋಡಬೇಕಲ್ಲ ಎನ್ನುವರು. ಸಿನಿಮಾದಲ್ಲಿ ಬಿಟ್ಟುಹೋದದ್ದನ್ನೆಲ್ಲ ಅವರೇ ಸೇರಿಸಿ ಹೇಳುತ್ತಿದ್ದರು. ನಾಯಕಿ ಹಿಮದಲ್ಲಿ ಜಾರಿ ನಾಯಕನ ತೋಳಿಗೆ ಬಿದ್ದರೆ, "ಈ ಬೀಳುವಿಕೆಗೆ ಮಣಿಕಟ್ಟು ಗ್ಯಾರಂಟಿ ಹೋಗಿರುತ್ತೆ ಅಮ್ಮ. ಪ್ಲಾಸ್ಟರು ಹಾಕಿಸಿಕೊಂಡು ಮೂಲೆಯಲ್ಲಿ ಕೂರ್ಬೇಕು." ನಾಯಕಿ ಕೆಲಸ ಬಿಟ್ಟು ಉಳಿದುಬಿಟ್ಟರೆ, "ಮಾರ್ಚಿಗೆ ಹಿಮ ಕರಗುತ್ತೆ. ಏಪ್ರಿಲ್‌ಗೆ ಇವಳಿಗೆ ಬೇಜಾರು ಬರುತ್ತೆ. ಬೇಕರಿಯವ ಬೆಳಗಿನ ಜಾವ ಎದ್ದು ಹಿಟ್ಟು ಕಲಸ್ಲಿಕ್ಕೆ ಎಬ್ಬಿಸ್ತಾನೆ."

ಆಯಿ ನಕ್ಕು ನಕ್ಕು ಕಾಲು ಎಷ್ಟು ಮಡಚಿದೆ ಎನ್ನುವುದನ್ನೇ ಮರೆಯುತ್ತಿದ್ದಳು. ನಾನೂ ಮರೆಯುತ್ತಿದ್ದೆ. ಅವರು ಬರುವ ಬೆಳಿಗ್ಗೆ ಮಾತ್ರ ನನಗೆ ನೀರಿನ ಪೈಪು, ಗೊಬ್ಬರದ ಚೀಲ, ಕತ್ತರಿ, ಎಲ್ಲವೂ ಮನೆಯೊಳಗೇ ಇರುವ ಹಾಗೆ ಅನ್ನಿಸಿ ಪದೇ ಪದೇ ಒಳಗೆ ಹೋಗುತ್ತಿದ್ದೆ. ಒಂದು ದಿನ ಅವರೇ ಕೇಳಿದರು:

"ನಿಮ್ಮ ಕತ್ತರಿ ಇವತ್ತೂ ಸಿಕ್ಕಿಲ್ವಾ?"

ಕತ್ತರಿ ನನ್ನ ಜೇಬಿನಲ್ಲೇ ಇತ್ತು, ಅದರ ಹಿಡಿ ಹೊರಗೆ ಕಾಣುತ್ತಿತ್ತು.

ಮದುವೆಯ ಮಾತು ಒಮ್ಮೆ ತಾನಾಗಿಯೇ ಬಂತು. ಪರದೆಯ ಮೇಲಿನ ಹುಡುಗಿ ಕೆಲಸ ಬಿಡುವ ದೃಶ್ಯ. ಆಯಿ "ನಿಂಗೆಂತಕ್ಕೆ ಇನ್ನೂ ಮದುವೆ ಆಜಿಲ್ಲೆ?" ಎಂದು ನೇರವಾಗಿ ಕೇಳಿಬಿಟ್ಟಳು. ಅವರು ಆಯಿಯ ಹಿಮ್ಮಡಿ ಹಿಡಿದುಕೊಂಡೇ ಉತ್ತರ ಕೊಟ್ಟರು. "ಒಂದು ನಿಶ್ಚಯ ಆಗಿತ್ತು ಅಮ್ಮ. ಮದುವೆ ಆದ್ಮೇಲೆ ಕೆಲಸ ಬಿಡ್ಬೇಕು ಅಂದ್ರು. ನಾನು ಅವರನ್ನೇ ಬಿಟ್ಟೆ." ಹಾಗೆ ಹೇಳಿ ಕಾಲನ್ನು ಇನ್ನಷ್ಟು ಬಗ್ಗಿಸಿದರು. ಆಯಿ ಕೂಗಿದ್ದು ನೋವಿಗೋ ಆ ಮಾತಿಗೋ ತಿಳಿಯಲಿಲ್ಲ.

ಆಯಿಗೆ ನನ್ನ ಓಡಾಟ ಕಾಣಲೇ ಇಲ್ಲ. ಅವಳ ಕಣ್ಣು ರಸ್ತೆಯ ಮೇಲಿತ್ತು. ಸಿನಿಮಾದಲ್ಲಿ ಕಾರು ಕೆಟ್ಟೇ ಹುಡುಗಿ ಬರುವುದಲ್ಲವೆ? ಕ್ರಿಸ್‌ಮಸ್ ರಜೆ ಶುರುವಾದ ಮೇಲೆ ಯಲ್ಲಾಪುರದ ಜಲಪಾತ ನೋಡಲು ಹೋಗುವವರ ಕಾರುಗಳು ಸಾಲಾಗಿ ನಮ್ಮ ಮುಂದೆಯೇ ಹೋಗುತ್ತವೆ. ಆಯಿ ವಾಕರ್ ಹಿಡಿದು ಜಗುಲಿಗೆ ಬರುವುದನ್ನು ಕಲಿತದ್ದೇ ಆ ಕಾರುಗಳ ಸಲುವಾಗಿ.

ಒಂದು ಬೆಳಿಗ್ಗೆ ನಿಜವಾಗಿಯೂ ಒಂದು ಕಾರು ನಮ್ಮ ಗೇಟಿನ ಎದುರೇ ಪಂಕ್ಚರ್ ಆಗಿ ನಿಂತಿತು. ಚಂದದ ಸಲ್ವಾರಿನ, ತಂಪು ಕನ್ನಡಕದ ಹೆಂಗಸೊಬ್ಬರು ಇಳಿದರು.

"ಏನ್ರಿ, ಇಲ್ಲೆ ಸಮೀಪ ಪಂಕ್ಚರ್ ತಗಿಯವ್ರು ಯಾರರ ಅದಾರೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಜಗುಲಿಯಿಂದ ಆಯಿಯ ದನಿ ಬಂತು. "ಬನ್ನಿ ಬನ್ನಿ! ಒಳಗೆ ಬಂದು ಕೂತ್ಕೊಳ್ಳಿ! ತಮಾ, ಸ್ಟೆಪ್ನಿ ನೀನೇ ಹಾಕಿಕೊಡು!"

ಅಂದು ನಾನು ಚೌಕಳಿ ಅಂಗಿ ಹಾಕಿದ್ದೆ. ಬೇರೆ ಅಂಗಿಗಳನ್ನೆಲ್ಲ ಆಯಿ ಒಗೆಯಲು ಹಾಕಿಸಿದ್ದಳು. ನಾನು ಜ್ಯಾಕ್ ಏರಿಸುತ್ತಿರುವಾಗ ಆಯಿ ಆ ಹೆಂಗಸಿಗೆ ಕಷಾಯ ಕೊಟ್ಟು, ಹುಬ್ಬಳ್ಳಿಯವರು, ಶಿರಸಿಯ ದೇವಸ್ಥಾನ ನೋಡಿಕೊಂಡು ಬಂದದ್ದು, ದೊಡ್ಡ ಆಫೀಸಿನಲ್ಲಿ ಕೆಲಸ ಎನ್ನುವಷ್ಟನ್ನು ತಿಳಿದುಕೊಂಡಿದ್ದಳು. ಫಿಜಿಯೋ ಮೇಡಂ ಬಾಗಿಲಿಗೆ ಒರಗಿ ನಿಂತು ಎಲ್ಲ ನೋಡುತ್ತಿದ್ದರು.

"ನನ್ನ ಮಗಂಗೆ ಗಿಡ ಅಂದ್ರೆ ಜೀವ" ಎನ್ನುತ್ತಿದ್ದಳು ಆಯಿ. "ಒಬ್ಬನೇ ಎಲ್ಲ ನೋಡ್ಕೊಳ್ತಾನೆ. ನಿಮಗೆ ಗಿಡ ಅಂದ್ರೆ ಇಷ್ಟ ಇದೆಯಾ?"

"ಭಾಳ ಇಷ್ಟ ಅದ ನೋಡ್ರಿ."

ಆಯಿಯ ಮುಖ ಹೇಗೆ ಅರಳಿತೆಂದರೆ, ಮೇಲಿಂದ ನೊರೆ ಬೀಳುವುದೊಂದೇ ಬಾಕಿ. ಅಷ್ಟರಲ್ಲಿ ಕಾರಿನ ಹಿಂದಿನ ಬಾಗಿಲು ತೆರೆಯಿತು. ಸೀಟಿನಲ್ಲಿ ಉದ್ದಕ್ಕೆ ಮಲಗಿದ್ದ ಗಂಡಸೊಬ್ಬರು ಕಣ್ಣುಜ್ಜಿಕೊಳ್ಳುತ್ತ ಎದ್ದು ಬಂದು, "ಯಲ್ಲಾಪುರ ಬಂತೇನಲೇ?" ಎಂದು ಹೆಂಡತಿಯನ್ನು ಕೇಳಿದರು.

ಬಾಗಿಲ ಹತ್ತಿರ ನಿಂತಿದ್ದವರು ನಗು ತಡೆಯಲಾರದೆ ಹೆಲ್ಮೆಟ್ಟಿನೊಳಗೆ ಮುಖ ಇಟ್ಟುಕೊಂಡರು. ಹುಬ್ಬಳ್ಳಿಯ ಗಂಡ ಹೆಂಡತಿ ಒಳ್ಳೆಯ ಜನ. ಎರಡು ಗುಲಾಬಿ, ಒಂದು ಮಲ್ಲಿಗೆ ಗಿಡ ಕೊಂಡು, ಆಯಿಯ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದರು. ಆಯಿ ಆ ದಿನ ವ್ಯಾಯಾಮ ಮಾಡುವುದಿಲ್ಲ ಎಂದು ಹಟ ಹಿಡಿದಳು.

ಕಾರು ಹೋದ ಮೇಲೂ ನಾನು ಗೇಟಿನ ಹತ್ತಿರ ಕೈ ಒರೆಸುತ್ತ ನಿಂತಿದ್ದೆ. ಒಳಗಿನಿಂದ ಆ ನಗು ಇನ್ನೂ ಕೇಳುತ್ತಿತ್ತು, ನಿಂತಂತೆ ಮಾಡಿ ಮತ್ತೆ ಶುರುವಾಗುತ್ತಿತ್ತು. ಮೇಡಂ ನಾಳೆ ಬರುವುದಿಲ್ಲ, ನಾಡಿದ್ದೇ ಬರುವುದು ಎಂದು ನೆನಪಾಯಿತು, ಒರೆಸಿದ ಕೈಯನ್ನೇ ಮತ್ತೆ ಒರೆಸಿದೆ. ಅಲ್ಲಿಯವರೆಗೆ ನನಗೆ ನಾನೇ ಕತ್ತರಿ ಹುಡುಕುವವನ ನೆವ ಹೇಳಿಕೊಳ್ಳುತ್ತಿದ್ದೆ. ಇನ್ನು ಹೇಳಿಕೊಳ್ಳಲು ಆಗಲಿಲ್ಲ.

ಹೊಸ ವರ್ಷ ಬಂದ ಮೇಲೆ ಅವರು ತಮ್ಮ ತಂದೆಗೆಂದು ಪೊದೆ ಮೆಣಸಿನ ಗಿಡಗಳನ್ನು ಕೇಳಿದರು. ಸ್ಕೂಟರಿನಲ್ಲಿ ಒಯ್ಯುವ ಹಾಗಿರಲಿಲ್ಲ. ಭಾನುವಾರ ನಾನೇ ಪಿಕಪ್ಪಿನಲ್ಲಿ ತಂದುಕೊಡುತ್ತೇನೆ ಎಂದೆ. ಹಾಗಾದರೆ ತಾನೂ ಅದರಲ್ಲೇ ಊರಿಗೆ ಹೋಗುತ್ತೇನೆ ಎಂದರು. ಹೀಗೆ ನಾವಿಬ್ಬರು ಗಿಡದ ಕುಂಡಗಳನ್ನು ಹಿಂದೆ ತುಂಬಿಕೊಂಡು ಸಿದ್ದಾಪುರದ ರಸ್ತೆ ಹಿಡಿದೆವು.

ಹೇಳಬೇಕು ಎಂದು ನಿರ್ಧಾರ ಮಾಡಿಕೊಂಡಿದ್ದೆ. ಹೇಗೆ ಎಂದು ಗೊತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಇಂಥದ್ದನ್ನು ಯಾರೂ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಅಪ್ಪ ಆಯಿಗೆ ಪ್ರೀತಿಯ ಮಾತು ಆಡಿದ್ದಿದ್ದರೆ ಅದು "ಇಂದು ಸಾರು ಅಡ್ಡಿಲ್ಲೆ" ಎನ್ನುವುದೇ. ಆ ಸಿನಿಮಾಗಳನ್ನು ಎಷ್ಟು ಹಂಗಿಸಿದರೂ ಒಂದು ವಿಷಯಕ್ಕೆ ನಾನು ಅವಕ್ಕೆ ಋಣಿ. ಅದರೊಳಗಿನ ಜನ ಕೊನೆಗೆ ಒಬ್ಬರ ಎದುರು ಒಬ್ಬರು ನಿಂತು, ನಾಚಿಕೆ ಬಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ತಿಂಗಳುಗಟ್ಟಲೆ ಅದನ್ನೇ ನೋಡಿ ನೋಡಿ, ಹೇಳಿದರೆ ಆಕಾಶ ಬೀಳುವುದಿಲ್ಲ ಎನ್ನುವಷ್ಟು ಧೈರ್ಯ ನನಗೂ ಬಂದಿತ್ತು.

"ನನಗೆ ನಿಮ್ಮನ್ನು ಮದುವೆ ಆಗಬೇಕು ಅಂತ ಇದೆ" ಎಂದೆ. ಎದುರಿಗೆ ಬಸ್ಸು ಬರುತ್ತಿತ್ತು, ಆದ್ದರಿಂದ ಅವರ ಮುಖ ನೋಡುವುದು ಸಾಧ್ಯವಿರಲಿಲ್ಲ. ಅದು ಒಳ್ಳೆಯದೇ ಆಯಿತು.

ಬಸ್ಸು ದಾಟಿ ಹೋಯಿತು. ಅವರು ಕಿಟಕಿಯ ಗಾಜು ಏರಿಸಿದರು. ಗಾಳಿಯ ಸದ್ದು ನಿಂತಿತು.

"ನಿಮ್ಮ ತಾಯಿಗೆ ಹೇಳಿದ್ದೀರಾ?"

"ಇಲ್ಲ."

"ನಮ್ಮದು ಬೇರೆ ಜಾತಿ ಅಂತ ಗೊತ್ತಲ್ಲ? ನಮ್ಮ ಮನೇಲಿ ಮೀನು ಮಾಡ್ತಾರೆ. ನಾನು ತಿಂತೀನಿ. ಬಿಡು ಅಂದ್ರೆ ಬಿಡಲ್ಲ."

"ಬಿಡು ಅನ್ನಲ್ಲ."

"ಕೆಲಸ?"

"ಅದನ್ನೂ ಅನ್ನಲ್ಲ. ಅಂದವರಿಗೆ ಏನಾಯ್ತು ಅಂತ ಕೇಳಿದೀನಲ್ಲ."

ಅವರು ನಗಲಿಲ್ಲ. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಯೋಚಿಸಿದರು. "ನೋಡಿ, ನಿಮ್ಮ ತಾಯಿ ಈಗ ನನ್ನ ಪೇಷೆಂಟು. ಅವರ ಕಾಲು ನನ್ನ ಕೈಲಿದೆ. ನಾನು ಈಗ ಹೌದು ಅಂದ್ರೂ ತಪ್ಪು, ಅಲ್ಲ ಅಂದ್ರೂ ಅವರ ಮನೆಗೆ ಬರೋದು ಕಷ್ಟ. ಟ್ರೀಟ್‌ಮೆಂಟ್ ಮುಗೀಲಿ. ಅವರು ವಾಕರ್ ಬಿಟ್ಟು ನಡೀಲಿ. ಆಮೇಲೆ ಉತ್ತರ ಕೊಡ್ತೀನಿ. ಅಷ್ಟರೊಳಗೆ ನೀವು ಅವರಿಗೆ ಹೇಳಿ. ಇದನ್ನು ಮುಚ್ಚಿಟ್ಟುಕೊಂಡು ಅವರ ಕಾಲು ಹಿಡಿಯೋಕೆ ನನ್ನಿಂದ ಆಗಲ್ಲ."

ನಾನು ತಲೆಯಾಡಿಸಿದೆ. ಆಮೇಲೆ ಅವರು ಮೆಲ್ಲಗೆ, "ನಮ್ಮ ಮನೆಯ ತಿರುವು ಹಿಂದೆಯೇ ಹೋಯ್ತು" ಎಂದರು.

ಅವರ ತಂದೆ ಅಂಗಳದಲ್ಲಿ ಭತ್ತ ಹರಡುತ್ತಿದ್ದರು. ಗಿಡಗಳನ್ನು ಒಂದೊಂದಾಗಿ ಎತ್ತಿ, ಬೇರು ಕುಂಡದ ಕೆಳಗೆ ಇಣುಕಿದೆಯೇ ನೋಡಿ, "ಚಲೋ ಬೆಳೆಸಿದ್ದೀರಿ" ಎಂದರು. ಆ ಮಾತು ಕೇಳಿ ನನಗೆ ಆದಷ್ಟು ಸಂತೋಷ ಹಿಂದೆ ಯಾವ ಗಿರಾಕಿಯಿಂದಲೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ದೋಸೆ ಹಾಕಿಕೊಡುತ್ತ ಆಯಿಗೆ ಹೇಳಿದೆ. ಆಯಿ ದೋಸೆ ತಿಂದು ಮುಗಿಸಿದಳು. ಕೈ ತೊಳೆಯಲು ನೀರು ತಂದುಕೊಟ್ಟೆ. "ಅದು ಮೀನು ತಿಂತಲ್ದಾ?" ಎಂದು ಕೇಳಿದಳು. ತಿನ್ನುತ್ತಾರೆ ಎಂದೆ. ಅವಳು ರಿಮೋಟ್ ತೆಗೆದುಕೊಂಡು ಟೀವಿ ಆರಿಸಿದಳು.

ಅಂದಿನಿಂದ ಸಿನಿಮಾ ಬಂದಾಯಿತು. ಮಧ್ಯಾಹ್ನದ ಊಟಕ್ಕೆ ಕೂತರೆ ಆಯಿ ಆರಿದ ಪರದೆಯನ್ನೇ ನೋಡುತ್ತ ಉಣ್ಣುತ್ತಿದ್ದಳು. ಒಮ್ಮೆ ತಡೆಯಲಾಗದೆ, "ಆ ಸಿನಿಮಾದ ಜೋಡಿಗೆಲ್ಲ ನೀನೇ ಚಪ್ಪಾಳೆ ಹೊಡೀತಿದ್ದೆ" ಎಂದೆ. "ಆ ಸಿನಿಮಾದಲ್ಲಿ ನೆಂಟರಿದ್ವಾ? ದೇವರಕೋಣೆ ಇದ್ದಾ? ನಿನ್ನ ದೊಡ್ಡಪ್ಪ ಇದ್ನಾ?" ಎಂದು ಕೇಳಿದಳು. ಹಿಮದ ಹಿಂದಿನ ಹಸಿರೆಲೆ ಕಂಡುಹಿಡಿದ ನನಗೆ ಇಷ್ಟು ದೊಡ್ಡ ಕೊರತೆ ಹೊಳೆದಿರಲಿಲ್ಲ. ಆ ಊರುಗಳಲ್ಲಿ ಪ್ರೀತಿಗೆ ಅಡ್ಡ ಬರಲು ಪಾಪ ಏನೂ ಇಲ್ಲ, ಅದಕ್ಕೇ ಒಂದು ತಪ್ಪು ತಿಳಿವಳಿಕೆಯನ್ನು ಕಷ್ಟಪಟ್ಟು ತಂದು ಹಾಕುತ್ತಾರೆ.

ಫಿಜಿಯೋ ಮೇಡಂ ಬರುವುದನ್ನು ತಪ್ಪಿಸಲಿಲ್ಲ. ಆಯಿ ಮೊದಲ ಸಲ ಮುಖ ಗೋಡೆಗೆ ತಿರುಗಿಸಿ ಕಾಲು ಮಾತ್ರ ಕೊಟ್ಟಳು. ಅವರೂ ಮಾತಾಡಿಸದೆ ಕೆಲಸ ಮಾಡಿ ಹೋದರು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ನಾನು ಕಿಟಕಿಯ ಹೊರಗೆ ದಾಸವಾಳದ ಕೊಂಬೆ ಕತ್ತರಿಸುತ್ತಿದ್ದೆ. ಒಳಗೆ ಮಾತು ಶುರುವಾಯಿತು.

"ಯಂಗೆ ಇಷ್ಟು ದಿನ ಮಾಣಿ ಒಬ್ಬನೇ ಉಳಿತ ಹೇಳಿ ಬೇಜಾರಿತ್ತು" ಎಂದಳು ಆಯಿ. "ಈಗ ಒಬ್ಬನೇ ಉಳಿತ್ನಿಲ್ಲೆ ಹೇಳಿ ಬೇಜಾರು. ಆನು ಎಂತ ಮಾಡವು ಹೇಳು."

"ಮೊದಲು ಕಾಲು ಮಡಚಿ ಅಮ್ಮ."

ಆಯಿ ಕಾಲು ಮಡಚಿದಳೇನೋ, ಮಂಚ ಕಿರುಗುಟ್ಟಿತು.

"ನಮ್ಮಪ್ಪನಿಗೂ ಬೇಜಾರಿದೆ" ಎಂದರು ಅವರು. "ನಿಮ್ಮಷ್ಟೇ. ನಿಮ್ಮ ಮನೇಲಿ ನನಗೆ ಬೇರೆ ಲೋಟ ಇಡ್ತಾರೆ ಅಂತ ಅವರ ಹೆದರಿಕೆ."

"ಬೇರೆ ಲೋಟವಾ? ಇಷ್ಟು ದಿನ ಕಷಾಯ ಕುಡಿದಿದ್ದು ಯಾವ ಲೋಟದಲ್ಲಿ ಹೇಳಿ ನಿನ್ನ ಅಪ್ಪಂಗೆ ಹೇಳಿದ್ದಿಲ್ಯಾ?"

"ಹೇಳ್ತೀನಿ."

"ಹೇಳು. ಸರಿಯಾಗಿ ಹೇಳು." ಆಮೇಲೆ ಆಯಿ ದನಿ ತಗ್ಗಿಸಿದಳು. "ಮೀನು ಮಾತ್ರ ಯನ್ನ ಒಲೆ ಮೇಲೆ ಬೇಡ."

"ನಿಮ್ಮ ಒಲೆ ನನಗೆ ಬೇಡವೇ ಬೇಡ ಅಮ್ಮ. ಅದಕ್ಕೆ ನಿಮ್ಮ ಮಗ ಇದಾರಲ್ಲ."

ಒಳಗಿನಿಂದ ಆಯಿಯ ನಗು ಕೇಳಿತು, ಸಣ್ಣದು, ಬೇಡದೇ ಬಂದದ್ದು. ನನ್ನ ಕೈಯಲ್ಲಿದ್ದ ದಾಸವಾಳ ಅಷ್ಟು ಹೊತ್ತಿಗೆ ಬೋಳಾಗಿತ್ತು.

ಮಾಘ ಮಾಸದಲ್ಲಿ ಆಯಿ ವಾಕರ್ ಬಿಟ್ಟು ಮನೆಯಿಂದ ನರ್ಸರಿಯ ಗೇಟಿನವರೆಗೆ ನಡೆದು ಬಂದಳು. ಅವರು ಪಕ್ಕದಲ್ಲಿ ಕೈ ಮುಂದೆ ಚಾಚಿಕೊಂಡು, ಮುಟ್ಟದೆ ನಡೆದರು. ಗೇಟು ಮುಟ್ಟಿದ ಮೇಲೆ ಹೇಳಿದರು: "ಇವತ್ತಿಗೆ ಮುಗೀತು ಅಮ್ಮ. ಇನ್ನು ನೀವೇ ಮಾಡ್ಕೊಬಹುದು. ನಾಳೆಯಿಂದ ನಾನು ಬರಲ್ಲ."

ಆಯಿ ಗೇಟು ಹಿಡಿದು ನಿಂತು ಉಸಿರು ತೆಗೆದುಕೊಂಡಳು. "ನಾಳೆಯಿಂದ ಬರ್ತಿಲ್ಲೆ ಹೇಳಾದ್ರೆ, ಮತ್ತೆ ಯಾವಾಗ ಬರ್ತೆ ನೀನು?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಯಿ ತಿರುಗಿ, ಯಾರ ಸಹಾಯವೂ ಇಲ್ಲದೆ ಮನೆಯ ಕಡೆ ನಡೆಯತೊಡಗಿದಳು. ಅವರು ಹೆಲ್ಮೆಟ್ ಹಾಕಿಕೊಂಡು ನನ್ನ ಹತ್ತಿರ ಬಂದರು.

"ನಿಮ್ಮ ತಾಯೀನ ಕರ್ಕೊಂಡು ನಮ್ಮಪ್ಪನ ಹತ್ರ ಮಾತಾಡೋಕೆ ಬನ್ನಿ."

"ಅಂದರೆ ಹೌದು ಅಂತಲಾ?"

"ಮತ್ತೇನು? ಬಿಡಿಸಿ ಹೇಳ್ಬೇಕಾ?"

"ಹೇಳಿದರೆ ಒಳ್ಳೆಯದಿತ್ತು."

ಹೆಲ್ಮೆಟ್ಟಿನ ಗಾಜು ಮೇಲೆತ್ತಿದರು. "ಹೌದು" ಎಂದರು. ಹಿನ್ನೆಲೆಯಲ್ಲಿ ಸಂಗೀತವಿರಲಿಲ್ಲ, ಕಟ್ಟಿಗೆಯ ಲಾರಿಯೊಂದು ಹಾರ್ನ್ ಹೊಡೆಯುತ್ತ ಹೋಯಿತು.

ಶಿರಸಿಯಲ್ಲೇ ರಿಜಿಸ್ಟರ್ ಮದುವೆ ಆಯಿತು. ಆಮೇಲೆ ನರ್ಸರಿಯ ನೆರಳಿನ ಚಪ್ಪರದಡಿ ಊಟ. ದೊಡ್ಡಪ್ಪ ಬರಲಿಲ್ಲ. ಹೆಣ್ಣಿನ ಕಡೆಯ ಒಬ್ಬ ಅತ್ತೆಯೂ ಬರಲಿಲ್ಲ. ಮಾವನವರು ಬಂದು ಹೋಳಿಗೆ ಬಡಿಸಿದರು, ಆಯಿ ಅವರಿಗೆ ತಾನೇ ಕಷಾಯ ತಂದುಕೊಟ್ಟು, ಕುಡಿದು ಮುಗಿಸುವವರೆಗೂ ಎದುರೇ ನಿಂತಳು. ಮಳೆಗಾಲ ಶುರುವಾಗುವಾಗ ದೊಡ್ಡಪ್ಪ ಬಾಳೆ ಸಸಿ ಬೇಕೆಂದು ಬಂದರು. ಬಾಳೆ ಸಸಿ ಅವರ ಊರಿನಲ್ಲೇ ಬೇಕಾದಷ್ಟು ಸಿಗುತ್ತದೆ. ಊಟ ಮಾಡಿಕೊಂಡು ಹೋದರು. ಅತ್ತೆ ಇನ್ನೂ ಬಂದಿಲ್ಲ.

ಮದುವೆಯಾದ ಮೇಲೂ ಇವಳು ಕ್ಲಿನಿಕ್ಕಿಗೆ ಹೋಗುತ್ತಾಳೆ. ನರ್ಸರಿಯ ಹಿಂದೆ ಗೊಬ್ಬರದ ಶೆಡ್ಡಿನ ಪಕ್ಕ ಒಂದು ಸಣ್ಣ ಗ್ಯಾಸ್ ಒಲೆ ಇಟ್ಟಿದ್ದೇವೆ. ಮೀನು ತರುವ ದಿನ ಆಯಿಗೆ ಮಧ್ಯಾಹ್ನ ಬೇಗ ನಿದ್ದೆ ಬರುತ್ತದೆ. ಕ್ರಿಸ್‌ಮಸ್ ಸಿನಿಮಾಗಳನ್ನು ಆಯಿ ಮತ್ತೆ ನೋಡತೊಡಗಿದ್ದಾಳೆ. ಹೆಂಡತಿ ಪಕ್ಕದಲ್ಲಿ ಕೂತು ಬಟ್ಟೆ ಮಡಚುತ್ತ, ಮುಂದೇನಾಗುತ್ತದೆ ಎಂದು ಮೊದಲೇ ಹೇಳಿ ಬೈಸಿಕೊಳ್ಳುತ್ತಾಳೆ.

ಹೋದ ಡಿಸೆಂಬರಿನಲ್ಲಿ ಒಂದು ದಿನ ನರ್ಸರಿ ಮುಚ್ಚಿ, ಗೆಳೆಯನ ಕಾರು ತೆಗೆದುಕೊಂಡು ಮೂವರೂ ತಿರುಗಾಡಲು ಹೊರಟೆವು. ಯಲ್ಲಾಪುರ ದಾಟಿ ಕಿರವತ್ತಿಯ ಒಂದು ಢಾಬಾದಲ್ಲಿ ರೊಟ್ಟಿ ತಿನ್ನಬೇಕೆನ್ನುವುದು ಆಯಿಯ ಆಸೆ. ಅಂದು ಬೆಳಿಗ್ಗೆಯೇ ನನಗೂ ಹೆಂಡತಿಗೂ ಜಗಳವಾಗಿತ್ತು. ತಾರಸಿಯ ಮೇಲಿನ ನೀರಿನ ಟ್ಯಾಂಕು ವಾರದಿಂದ ತುಂಬಿ ಹರಿಯುತ್ತಿತ್ತು, ಸರಿಮಾಡುತ್ತೇನೆ ಎಂದು ನಾನು ದಿನವೂ ಹೇಳುತ್ತಿದ್ದೆ. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಹಿಂದಿನ ಸೀಟಿನಲ್ಲಿ ಆಯಿ ಕಿಟಕಿಯಾಚೆ ನೋಡುತ್ತ ಆರಾಮವಾಗಿ ಶೇಂಗಾ ತಿನ್ನುತ್ತಿದ್ದಳು.

ಢಾಬಾದಲ್ಲಿ ರೊಟ್ಟಿ ಬಂತು. ಆಯಿ ನಮ್ಮಿಬ್ಬರ ಮುಖ ನೋಡಿ, "ಇಬ್ಬರೂ ಬಾಯಿ ಬಿಟ್ಟು ಮಾತಾಡಿ ಮುಗಿಸಿ. ಇಲ್ದಿದ್ರೆ ಆನು ಇನ್ನೊಂದು ರೊಟ್ಟಿ ಹೇಳ್ತೆ" ಎಂದಳು.

"ಟ್ಯಾಂಕಿನ ನೀರು ನಿಲ್ಲಿಸೋ ಬಾಲ್‌ಕಾಕ್ ಹೋಗಿದೆ" ಎಂದಳು ಹೆಂಡತಿ, ನನ್ನ ತಟ್ಟೆಗೆ ಈರುಳ್ಳಿ ಹಾಕುತ್ತ. "ನಾನು ನೆನ್ನೆಯೇ ಹತ್ತಿ ನೋಡಿದೆ."

"ನನಗೆ ಹೇಳಬಹುದಿತ್ತಲ್ಲ."

"ನೀನು ನೋಡ್ತೀನಿ ಅಂದೆಯಲ್ಲ."

ಆಯಿ ಇನ್ನೊಂದು ರೊಟ್ಟಿ ಹೇಳಿದಳು. ಅದು ಬಂದು, ಅವಳು ತಿಂದು ಮುಗಿಸುವುದರೊಳಗೆ ನಮ್ಮಿಬ್ಬರಿಗೂ ಜಗಳದ ಹಸಿವು ತೀರಿತ್ತು. ಮರಳುವಾಗ ಯಲ್ಲಾಪುರದ ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಲ್‌ಕಾಕ್ ಕೊಂಡೆವು. ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ನನಗಿಂತ ಮೊದಲು ಅವಳೇ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದಳು. ನಾನು ಕೆಳಗೆ ಏಣಿ ಹಿಡಿದು ನಿಂತೆ, ಅವಳು ಕೇಳಿದ ಸ್ಪ್ಯಾನರು ಕೊಟ್ಟೆ.